ಆಟದ ಮೈದಾನದ ಗುರು

“ಗುರುಗಳ್ರೀ, ಚೆಂಡ ಆಡಾಕ ಸೈತ ಇಷ್ಟ ಮಂದಿ ಮಾಸ್ತರ ಬೇಕೇನ್ರೀ?”

ಈ ಪ್ರಶ್ನೆಯನ್ನು ನನಗೆ ಕೇಳಿದವನು ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗನು. ಅವನ ಕೈಯಲ್ಲಿ ಹಳೆಯ ವರ್ತಮಾನಪತ್ರದ ಒಂದು ಹಾಳೆಯಿತ್ತು. ಅಮೇರಿಕೆಯ ಯಾವುದೋ ಕಾಲೇಜಿನ ಫುಟ್‌ಬಾಲ್ ತಂಡದ ಚಿತ್ರವು ಅದರಲ್ಲಿ ಅಚ್ಚಾಗಿತ್ತು. ಆಟಗಾರರ ಬೆನ್ನಿಗೆ ಒಂದೇ ಬಗೆಯ ಅಂಗಿ ತೊಟ್ಟ ತರಬೇತುದಾರರ ಒಂದು ಸಾಲೇ ನಿಂತಿತ್ತು. ಹುಡುಗನು ಬೆರಳಿಟ್ಟು ಎಣಿಸಿ, ಮತ್ತೆ ಹೇಳಿದನು: “ನಮ್ಮ ಸಾಲ್ಯಾಗ ಎಲ್ಲಾ ವರ್ಗ ಕೂಡಿ ಇಬ್ಬರ ಅದೀರಿ.”

ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿದುಕೊಂಡಿತು. ಆಟಕ್ಕೆ ಗುರು ಬೇಕೆ? ಬೇಕಾದರೆ ಅವನು ಯಾರು? ಅವನನ್ನು ಉಳಿದ ಗುರುಗಳ ಸಾಲಿನಲ್ಲಿ ಕೂಡ್ರಿಸಬೇಕೋ, ಹೊರಗೆ ಮೈದಾನದಲ್ಲಿಯೇ ನಿಲ್ಲಿಸಬೇಕೋ? ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಈ ಪ್ರಶ್ನೆಯು ದೂರದ್ದೆಂದು ತೋರಬಹುದು. ಇತಿಹಾಸವನ್ನು ತೆರೆದು ನೋಡಿದರೆ ಅದು ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುವದು. ಆ ಹುಡುಗನಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಆಟಕ್ಕೆ ಗುರು ಬೇಕೆಂಬ ವಿಚಾರವು ನಮ್ಮ ಸೀಮೆಗೆ ಹೊಸದಲ್ಲ. ಸೊಲ್ಲಾಪುರದ ಓಣಿಗಳಲ್ಲಿ ತಾಲೀಮುಗಳಿದ್ದವು. ಇಂದಿಗೂ ಹಲವು ಉಳಿದಿವೆ. ತಾಲೀಮಿಗೆ ಒಬ್ಬ ವಸ್ತಾದನಿರುವನು. ಕೆಂಪು ಮಣ್ಣನ್ನು ಹದ ಮಾಡುವದರಿಂದ ಹಿಡಿದು ಬೈಠಕು, ಸಾಮು, ಪಟ್ಟು, ಉಣಿಸು, ನಿದ್ರೆ, ನಡತೆ ಇವೆಲ್ಲವೂ ಅವನ ಕಣ್ಣಳತೆಯಲ್ಲಿಯೇ ನಡೆಯಬೇಕು. ಹುಡುಗನು ಕಣಕ್ಕಿಳಿಯುವ ಮುನ್ನ ವಸ್ತಾದನ ಕಾಲು ಮುಟ್ಟಿ ನಮಸ್ಕರಿಸುವನು. ಕುಸ್ತಿಯ ಗುರುವಿಗೆ ನಮ್ಮ ಜನರು ಕೊಟ್ಟ ಸ್ಥಾನ ಇಂತಹದು. ಆದರೆ ಅವನು ಶಾಲೆಯ ಗೋಡೆಯ ಹೊರಗೆ ಇದ್ದನು. ಒಳಗೆ ಅಕ್ಷರ, ಹೊರಗೆ ಕಸರತ್ತು ಎಂಬ ಭೇದವು ಬಹುಕಾಲ ನಡೆದು ಬಂದಿತು. ಆ ಗೋಡೆಯಲ್ಲಿ ಬಾಗಿಲು ಕೊರೆದವರ ಕಥೆಯು ಅಮೇರಿಕೆಯ ಕಾಲೇಜುಗಳಿಂದ ಮೊದಲಾಗುವದು.

ಅಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ. ಅದು ಇಂಗ್ಲಂಡದ ರಗ್ಬಿ ಆಟದಿಂದ ಒಡೆದು ಬಂದ ಕವಲು. ಎರಡೂ ತುದಿ ಚೂಪಾದ, ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವರು. ಎದುರಾಳಿಗಳು ಮೈಮೇಲೆ ಬಿದ್ದು ಕೆಡಹುವರು. ಅಲ್ಲಿಯ ಎರಡು ಕಾಲೇಜುಗಳ ನಡುವಿನ ಮೊದಲ ಪಂದ್ಯವು 1869ನೆಯ ಇಸವಿಯ ನವೆಂಬರ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ತಂಡಗಳ ನಡುವೆ ನಡೆಯಿತೆಂದು ಎಣಿಸುವರು. ಅಂದು ಒಂದೊಂದು ಪಕ್ಷಕ್ಕೆ 25 ಜನರಿದ್ದರು. ರಟ್ಗರ್ಸ್ 6, ಪ್ರಿನ್ಸ್‌ಟನ್ 4 ಗೋಲು ಗಳಿಸಿದವು. ಆಗ ತರಬೇತುದಾರನೆಂಬವನು ಇರಲಿಲ್ಲ. ವಿದ್ಯಾರ್ಥಿಗಳು ತಮ್ಮಲ್ಲಿಯೇ ಒಬ್ಬನನ್ನು ನಾಯಕನನ್ನಾಗಿ ಆರಿಸುತ್ತಿದ್ದರು. ಅವನು ಹೇಳಿದಂತೆ ಉಳಿದವರು ಆಡುತ್ತಿದ್ದರು.

ಮುಂದೆ ಯೇಲ್ ಕಾಲೇಜಿನಲ್ಲಿ ಓದಿದ ವಾಲ್ಟರ್ ಕ್ಯಾಂಪನು ಆ ಆಟಕ್ಕೆ ನಿಯಮಗಳನ್ನು ಕಟ್ಟಿಕೊಟ್ಟನು. 1880ರಲ್ಲಿ ಅವನ ಸೂಚನೆಯಂತೆ ಪಕ್ಷಕ್ಕೆ 11 ಜನರೆಂಬ ಕಟ್ಟಳೆಯಾಯಿತು. ಕಾಲೇಜು ಬಿಟ್ಟ ಮೇಲೆ ಅವನು ಗಡಿಯಾರದ ಕಂಪನಿಯಲ್ಲಿ ನೌಕರಿ ಹಿಡಿದನು. ಹಗಲು ಹೊತ್ತು ಮೈದಾನಕ್ಕೆ ಬರಲು ಅವನಿಗೆ ಬಿಡುವಿರಲಿಲ್ಲ. ಆಗ ಅವನ ಪತ್ನಿ ಆಲಿಸ್ ಎಂಬವಳು ಮೈದಾನಕ್ಕೆ ಹೋಗಿ, ಹುಡುಗರ ಅಭ್ಯಾಸವನ್ನು ಕಣ್ಣಿಟ್ಟು ನೋಡಿ, ಕಂಡದ್ದನ್ನೆಲ್ಲ ಸಂಜೆ ಗಂಡನಿಗೆ ವರದಿ ಮಾಡುವಳು. ರಾತ್ರಿ ಆಟಗಾರರು ಕ್ಯಾಂಪನ ಮನೆಗೆ ಬಂದು ತಪ್ಪು ತಿದ್ದಿಸಿಕೊಳ್ಳುವರು. ಇಂದು ಆ ದೇಶದಲ್ಲಿ ಕಾಣುವ ದೊಡ್ಡ ತರಬೇತಿ ಬಳಗಗಳ ಮೊದಲಿಗೆ ಹೀಗೆ ಒಂದು ಮನೆಯ ಗಂಡಹೆಂಡಿರು ಇದ್ದರೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಯೇಲ್ ಕಾಲೇಜಿನ ಇನ್ನೊಬ್ಬ ಆಟಗಾರನು ಏಮಸ್ ಅಲೊಂಜೊ ಸ್ಟ್ಯಾಗ್. 1862ರಲ್ಲಿ ಹುಟ್ಟಿದ ಇವನು ಕ್ರೈಸ್ತ ಧರ್ಮೋಪದೇಶಕನಾಗಬೇಕೆಂದು ಓದುತ್ತಿದ್ದನು. ಸಭೆಯಲ್ಲಿ ನಿಂತು ಮಾತನಾಡುವ ಶಕ್ತಿ ತನಗಿಲ್ಲವೆಂದು ಕಂಡುಕೊಂಡು, ತರುಣರ ಸೇವೆಯನ್ನು ಮೈದಾನದಲ್ಲಿಯೇ ಮಾಡುವೆನೆಂದು ನಿಶ್ಚಯಿಸಿದನು. 1890ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ. ಎಂ. ಸಿ. ಎ. ತರಬೇತಿ ಶಾಲೆಗೆ ಬಂದು ಅಲ್ಲಿ ಒಂದು ಫುಟ್‌ಬಾಲ್ ತಂಡವನ್ನು ಕಟ್ಟಿದನು. ಆ ತಂಡದ ನಡುವಿನ ಸ್ಥಾನದಲ್ಲಿ ಆಡುತ್ತಿದ್ದವನು ಕೆನಡಾ ದೇಶದ ಜೇಮ್ಸ್ ನೇಸ್ಮಿತ್. ಈ ನೇಸ್ಮಿತನೇ ಮರುವರುಷ, ಎಂದರೆ 1891ರ ಡಿಸೆಂಬರದಲ್ಲಿ, ಚಳಿಗಾಲದ ದಿನಗಳಲ್ಲಿ ಹುಡುಗರಿಗೆ ಒಳಾಂಗಣದ ಆಟವೊಂದು ಬೇಕೆಂದು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ತೂಗುಹಾಕಿ ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದನು. ಕೆಲವು ತಿಂಗಳು ಕಳೆದ ಮೇಲೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಆ ಆಟದ ಪಂದ್ಯವಾಯಿತು. ವಿದ್ಯಾರ್ಥಿಗಳು 5, ಅಧ್ಯಾಪಕರು 1. ಅಧ್ಯಾಪಕರ ಆ ಒಂದು ಗೋಲನ್ನು ಹಾಕಿದವನು ಸ್ಟ್ಯಾಗನೇ. ಗುರುಗಳು ಶಿಷ್ಯರೊಡನೆ ಆಡಿ ಸೋತರು. ಆದರೂ ಅವರ ಗುರುತ್ವಕ್ಕೆ ಕುಂದು ಬರಲಿಲ್ಲ.

1892ರಲ್ಲಿ ಹೊಸದಾಗಿ ತೆರೆದ ಶಿಕಾಗೋ ವಿಶ್ವವಿದ್ಯಾಲಯವು ಸ್ಟ್ಯಾಗನನ್ನು ಕರೆಯಿಸಿಕೊಂಡಿತು. ಮುಖ್ಯ ಮಾತು ಇಲ್ಲಿದೆ. ಅವನನ್ನು ದಿನಗೂಲಿಯ ಆಟ ಕಲಿಸುವವನೆಂದು ಇಟ್ಟುಕೊಳ್ಳದೆ, ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥನೆಂದು, ಅಧ್ಯಾಪಕರ ಪಂಕ್ತಿಯಲ್ಲಿ, ಪ್ರಾಧ್ಯಾಪಕ ಪದವಿಯೊಡನೆ ನೇಮಿಸಿದರು. ಗಣಿತ ಹೇಳುವವನ ಪಕ್ಕದಲ್ಲಿ ಆಟ ಹೇಳುವವನಿಗೂ ಕುರ್ಚಿ ದೊರೆಯಿತು. 40 ವರುಷ ಅಲ್ಲಿಯೇ ದುಡಿದು, 70ನೆಯ ವಯಸ್ಸಿನಲ್ಲಿ ನಿಯಮದಂತೆ ನಿವೃತ್ತನಾದನು. ಆದರೂ ಮನೆಯಲ್ಲಿ ಕೂಡ್ರಲಿಲ್ಲ. ಬೇರೊಂದು ಕಾಲೇಜಿನಲ್ಲಿ 1933ರಿಂದ 1946ರವರೆಗೆ ತಂಡವನ್ನು ನಡೆಸಿದನು. ಆ ಮೇಲೆ ಸಸ್ಕ್ವೆಹಾನಾ ಎಂಬ ಕಾಲೇಜಿನಲ್ಲಿ ಅವನ ಮಗನು ಮುಖ್ಯ ತರಬೇತುದಾರನಾಗಿದ್ದಾಗ, ಈ ವೃದ್ಧನು ಮಗನ ಜೊತೆಗೆ ನಿಂತು ಕಲಿಸಿದನು. 1965ರಲ್ಲಿ, 102 ವರುಷಗಳ ಬಾಳನ್ನು ಮುಗಿಸಿ ತೀರಿಕೊಂಡನು.

ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಆಟದಲ್ಲಿ ಗೆಲ್ಲುವದೇ ಕಾಲೇಜಿನ ಕೀರ್ತಿಯೆಂಬ ಭಾವನೆಯು ಆ ದೇಶದಲ್ಲಿ ಬೆಳೆದಂತೆ ಆಟವು ಕ್ರೂರವಾಯಿತು. ಹುಡುಗರು ಮೈದಾನದಲ್ಲಿಯೇ ಸಾಯತೊಡಗಿದರು. 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ದೊಡ್ಡ ಕಾಲೇಜುಗಳವರನ್ನು ಕರೆಯಿಸಿ ಬುದ್ಧಿ ಹೇಳಬೇಕಾಯಿತು. ಮರುವರುಷ ನಿಯಮಗಳು ತಿದ್ದಲ್ಪಟ್ಟವು. ಸ್ಟ್ಯಾಗನು ದುಡಿದ ಶಿಕಾಗೋ ವಿಶ್ವವಿದ್ಯಾಲಯವು 1939ರಲ್ಲಿ ದೊಡ್ಡ ಪಂದ್ಯಗಳ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟಿತು. ಅವನ ಹೆಸರನ್ನು ಹೊತ್ತ ಆ ಮೈದಾನದ ಕಟ್ಟೆಗಳ ಕೆಳಗೆ, 1942ರ ಡಿಸೆಂಬರ 2ರಂದು, ಎನ್ರಿಕೋ ಫರ್ಮಿ ಮತ್ತು ಅವರ ಸಂಗಡಿಗರು ಪರಮಾಣುವಿನ ಮೊದಲ ಸರಪಳಿ ಕ್ರಿಯೆಯನ್ನು ನಡೆಯಿಸಿದರು. ಉಳಿದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಆಟವು ಹಣದ ಹೊಳೆಯಾಗಿ ಬೆಳೆಯಿತು. ದಾಳಿಗೆ ಒಬ್ಬ, ರಕ್ಷಣೆಗೆ ಒಬ್ಬ, ಚೆಂಡು ಎಸೆಯುವವರಿಗೆ ಒಬ್ಬ, ಹಿಡಿಯುವವರಿಗೆ ಒಬ್ಬ, ಮೈಕಟ್ಟಿಗೆ ಒಬ್ಬ ಎಂದು ಬಳಗ ಬೆಳೆಯಿತು. ಅನೇಕ ಸಂಸ್ಥಾನಗಳಲ್ಲಿ ಸರಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರನ ಪಗಾರವು ಗವರ್ನರನ ಪಗಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮ ಹುಡುಗನು ಕಂಡ ಚಿತ್ರದಲ್ಲಿದ್ದುದು ಈ ಕಾಲದ ಬಳಗವೇ. ಗುರುವಿನ ಕುರ್ಚಿ ಅಲ್ಲಿ ಇನ್ನೂ ಇದೆ. ಅದರ ಮೇಲೆ ಕುಳಿತವನನ್ನು ಗೆಲವು ಸೋಲುಗಳಿಂದಲೇ ಅಳೆಯುವರು. ಎರಡು ವರುಷ ಸೋತರೆ ಅವನು ಮನೆಗೆ ಹೋಗಬೇಕು.

ಇನ್ನು ನಮ್ಮ ದೇಶದ ಕಡೆಗೆ ಹೊರಳೋಣ. ಸ್ಟ್ಯಾಗ್, ನೇಸ್ಮಿತರು ಕಲಿಸಿದ ಅದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಮುಂದೆ ಹ್ಯಾರಿ ಕ್ರೋ ಬಕ್ ಎಂಬವರು ಕಲಿತರು. ಅವರು ಭಾರತಕ್ಕೆ ಬಂದು, 1920ರಲ್ಲಿ ಮದ್ರಾಸಿನಲ್ಲಿ ವೈ. ಎಂ. ಸಿ. ಎ. ದೈಹಿಕ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದರು. ಆಟ ಕಲಿಸುವವರಿಗೇ ಕಲಿಸುವ ಆಧುನಿಕ ವಿದ್ಯಾಲಯಗಳಲ್ಲಿ ನಮ್ಮ ದೇಶದ ಮಟ್ಟಿಗೆ ಇದು ಮೊದಲಿನದು. ಅವರ ಪತ್ನಿ ಮೇರಿ ಬಕ್ಕರೂ ಆ ಕೆಲಸದಲ್ಲಿ ಕೈಗೂಡಿಸಿದರು. ಮೈಸೂರು, ಮದ್ರಾಸು, ಹೈದರಾಬಾದುಗಳ ಎಷ್ಟೋ ಕಾಲೇಜುಗಳಿಗೆ ‘ಫಿಜಿಕಲ್ ಡೈರೆಕ್ಟರ್’ ಎಂಬ ಹೆಸರಿನ ಅಧಿಕಾರಿಗಳು ಇಲ್ಲಿಂದ ಹೊರಟರು. ಬಾಸ್ಕೆಟ್‌ಬಾಲ್, ವಾಲಿಬಾಲ್ ಆಟಗಳು ನಮ್ಮ ನಾಡಿನಲ್ಲಿ ಹರಡಿದ್ದು ಬಹುಮಟ್ಟಿಗೆ ವೈ. ಎಂ. ಸಿ. ಎ.ಯವರ ಕೈಯಿಂದಲೇ. ನಮ್ಮ ಹಳ್ಳಿಗಳಲ್ಲಿ ಸಂಜೆ ಕಟ್ಟುವ ವಾಲಿಬಾಲ್ ಜಾಳಿಗೆಯ ಎಳೆಯು ಹಿಂದಕ್ಕೆ ಹೋಗಿ ಸ್ಪ್ರಿಂಗ್‌ಫೀಲ್ಡಿನವರ ಬಳಗವನ್ನು ಮುಟ್ಟುವದು.

ಅದೇ 1920ರಲ್ಲಿ ಆಂಟ್ವರ್ಪಿನ ಒಲಿಂಪಿಕ್ ಕ್ರೀಡೆಗಳಿಗೆ ಭಾರತದಿಂದ ಒಂದು ಚಿಕ್ಕ ತಂಡ ಹೋಗಿತ್ತು. ಅದರಲ್ಲಿ ಬೆಳಗಾವಿಯ ಕಡೆಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ಅವರು 19ನೆಯವರಾದರು. ಬರಿಗಾಲಿನಲ್ಲಿ ಓಡಿ ರೂಢಿಯಾದ ನಾಡಿನಿಂದ ಹೋದವರ ಈ ಸಾಧನೆಯು ಅಲ್ಪದ್ದಲ್ಲ. ನಾಲ್ಕು ವರುಷಗಳ ತರುವಾಯ, 1924ರ ಪ್ಯಾರಿಸ್ ಕ್ರೀಡೆಗಳಿಗೆ ಹೋದ ತಂಡದೊಡನೆ ಬಕ್ಕರು ಮಾರ್ಗದರ್ಶಕರಾಗಿ ಹೋದರು.

ನಮ್ಮ ಸೊಲ್ಲಾಪುರ, ವಿಜಾಪುರ, ಬೆಳಗಾವಿ, ಧಾರವಾಡಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಅಕ್ಕಲಕೋಟೆಯು ಭೋಸಲೆ ಅರಸರ ಸಂಸ್ಥಾನವಾಗಿತ್ತು. ಮುಂಬಯಿ ಸರಕಾರವು 1938ರಲ್ಲಿ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣದ ತರಬೇತಿ ಸಂಸ್ಥೆಯನ್ನು ತೆರೆಯಿತು. ಅದಕ್ಕೂ ಮೊದಲು, 1914ರಲ್ಲಿ, ಅಮರಾವತಿಯಲ್ಲಿ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳವು ಹುಟ್ಟಿತ್ತು. ಹೀಗೆ ತಾಲೀಮಿನ ವಸ್ತಾದನೂ ಮದ್ರಾಸಿನ ಡೈರೆಕ್ಟರನೂ ಬೇರೆ ಬೇರೆ ದಾರಿಗಳಿಂದ ಶಾಲೆಯ ಅಂಗಳಕ್ಕೆ ಬಂದರು. ಮಕ್ಕಳ ಬಾಯಲ್ಲಿ ಇಬ್ಬರೂ ಕೂಡಿ ‘ಡ್ರಿಲ್ ಮಾಸ್ತರ’ ಆದರು.

ಈ ಡ್ರಿಲ್ ಮಾಸ್ತರರ ಕುಲದಲ್ಲಿ ಹುಟ್ಟಿದ ಒಬ್ಬ ಮಹನೀಯರ ಕಥೆಯೇ ಈ ಲೇಖನದ ತಿರುಳು. ಅಕ್ಕಲಕೋಟೆಯಿಂದ ಮೂಡಲಿಗೆ ಹೊರಟರೆ ಸ್ವಲ್ಪ ದೂರದಲ್ಲಿಯೇ ಆಗ ನಿಜಾಮರ ಹೈದರಾಬಾದ ಸಂಸ್ಥಾನದ ಗಡಿ. ಅಕ್ಕಲಕೋಟೆ ರೋಡ ಸ್ಟೇಶನ್ನಿನಿಂದ ಗಾಡಿ ಹತ್ತಿದರೆ ಕಲಬುರ್ಗಿ, ವಾಡಿಗಳ ಮೇಲೆ ಹಾಯ್ದು ಹೈದರಾಬಾದು ಮುಟ್ಟಬಹುದು. ಆ ಪಟ್ಟಣದಲ್ಲಿ 1909ರಲ್ಲಿ ಸಯ್ಯದ್ ಅಬ್ದುಲ್ ರಹೀಮರು ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿಯ ವಿದ್ಯಾರ್ಥಿಗಳ ತಂಡದಲ್ಲಿ ಕಾಲ್ಚೆಂಡಾಡಿದರು. ಹೊಟ್ಟೆಪಾಡಿಗೆ ಅವರು ಹಿಡಿದದ್ದು ನಮ್ಮದೇ ವೃತ್ತಿ. ಕಾಚಿಗುಡ ಮಾಧ್ಯಮಿಕ ಶಾಲೆಯಲ್ಲಿ ಅವರು ಶಿಕ್ಷಕರಾದರು. ಬಳಿಕ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು, ದಾರುಲ್ ಉಲೂಮ್ ಮತ್ತು ಚಾದರಘಾಟ ಹೈಸ್ಕೂಲುಗಳಲ್ಲಿ ಆಟಗಳ ಹೊಣೆ ಹೊತ್ತರು. ಹೈದರಾಬಾದ ಸಿಟಿ ಪೋಲೀಸ ತಂಡಕ್ಕೆ ಅವರು ತರಬೇತಿ ಕೊಟ್ಟರು. ಆ ತಂಡವು 1950ರಿಂದ 1954ರವರೆಗೆ ಬಿಡದೆ ಐದು ವರುಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತ ತಂಡದ ಹೊಣೆಯೂ ಅವರ ಹೆಗಲಿಗೆ ಬಂದಿತು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಶಿಯನ್ ಕ್ರೀಡೆಗಳಲ್ಲಿ ಭಾರತವು ಇರಾಣವನ್ನು 1–0ರಿಂದ ಸೋಲಿಸಿ ಸುವರ್ಣ ಪದಕವನ್ನು ಪಡೆಯಿತು.

ಮರುವರುಷವೇ ಪೆಟ್ಟು ಬಿದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಕಿನಲ್ಲಿ ನಮ್ಮವರಲ್ಲಿ ಅನೇಕರು ಬರಿಗಾಲಿನಿಂದ ಆಡಿದರು. ಯುಗೋಸ್ಲಾವಿಯವು 10–1ರಿಂದ ಸೋಲಿಸಿತು. ಇಂತಹ ಸೋಲಿನ ಮೇಲೆ ಬೇರೆಯವರಾದರೆ ಆಟಗಾರರನ್ನು ಬೈದು ಕೈಬಿಡುತ್ತಿದ್ದರು. ರಹೀಮರು ಸೋಲನ್ನು ಪಾಠವೆಂದು ಓದಿದರು. ಬೂಟು ತೊಟ್ಟು ಆಡುವದು ಕಡ್ಡಾಯವಾಯಿತು. ಹಂಗೇರಿಯಂತಹ ದೇಶಗಳು ಮೈದಾನದಲ್ಲಿ ಆಟಗಾರರನ್ನು ಹೊಸ ಬಗೆಯಲ್ಲಿ ನಿಲ್ಲಿಸುವದನ್ನು ಅವರು ಅಭ್ಯಸಿಸಿದರು.

ಅವರು ಕಲಿಸುವ ರೀತಿಯಂತೂ ಪ್ರತಿಯೊಬ್ಬ ಶಿಕ್ಷಕನೂ ತಿಳಿದುಕೊಳ್ಳತಕ್ಕದ್ದು. ಹುಡುಗರು ಬಲಗಾಲನ್ನೇ ನಂಬಿ ಆಡುವದನ್ನು ಕಂಡು, ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಗಳನ್ನು ಏರ್ಪಡಿಸಿದರು. ಒಬ್ಬನೇ ಚೆಂಡನ್ನು ಹೊರಳಿಸುತ್ತ ಒಯ್ಯುವ ಚಟವನ್ನು ಬಿಡಿಸಲು, ಚೆಂಡನ್ನು ಕೂಡಲೇ ಜೊತೆಗಾರನಿಗೆ ಕೊಡಬೇಕೆಂಬ ನಿಯಮದ ಪಂದ್ಯಗಳನ್ನು ನಡೆಸಿದರು. ಇದಕ್ಕೆ ದುಡ್ಡು ಬೇಕಾಗಲಿಲ್ಲ, ಸಾಹಿತ್ಯ ಬೇಕಾಗಲಿಲ್ಲ. ತಪ್ಪು ಎಲ್ಲಿದೆಯೆಂದು ಕಾಣುವ ಕಣ್ಣು, ಅದನ್ನು ಆಟದಿಂದಲೇ ತಿದ್ದುವ ಜಾಣತನ, ಇವೆರಡೇ ಸಾಕಾದವು. ಮಗ್ಗಿಯಲ್ಲಿ ಏಳರ ಹತ್ತಿರ ತಡವರಿಸುವ ಹುಡುಗನಿಗೆ ಏಳರ ಲೆಕ್ಕಗಳನ್ನೇ ಹೆಚ್ಚು ಕೊಡುವ ಮಾಸ್ತರನು ಮಾಡುವದೂ ಇದನ್ನೇ ಅಲ್ಲವೆ?

ಫಲವು 1956ರಲ್ಲಿ ಕಾಣಿಸಿತು. ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ಭಾರತವು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹಾಕಿದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಉಪಾಂತ್ಯವನ್ನು ಮುಟ್ಟಿದ ಮೊದಲ ಏಶಿಯದ ದೇಶವೆಂಬ ಹೆಸರು ನಮ್ಮದಾಯಿತು. ಕೊನೆಗೆ ನಾಲ್ಕನೆಯ ಸ್ಥಾನ ದೊರೆಯಿತು. ರಹೀಮರ ಕೈಕೆಳಗೆ ಆಡಿದವರಲ್ಲಿ ನಮ್ಮ ಕನ್ನಡ ನಾಡಿನವರೂ ಇದ್ದರು. 1951 ಮತ್ತು 1952ರ ತಂಡಗಳಲ್ಲಿ ಬೆಂಗಳೂರಿನ ಅಹಮದ್ ಖಾನರು, 1956ರಲ್ಲಿ ಬೆಂಗಳೂರಿನ ಕೆಂಪಯ್ಯನವರು ಆಡಿದರು. ಮೆಲ್ಬರ್ನ್ ಪಂದ್ಯಗಳು ನಡೆದ ಆ ವರುಷದ ನವೆಂಬರ 1ರಂದೇ ಕಲಬುರ್ಗಿ, ಬೀದರ, ರಾಯಚೂರುಗಳು ಹೈದರಾಬಾದಿನಿಂದ ಬಿಟ್ಟು ಕನ್ನಡ ನಾಡಿಗೆ ಸೇರಿದ್ದವು. ಸೊಲ್ಲಾಪುರ, ಅಕ್ಕಲಕೋಟೆಗಳು ಈಚೆಗೆ ಉಳಿದವು. ಗಡಿಗಳು ಹೀಗೆ ಸರಿಯುತ್ತಿದ್ದ ಕಾಲದಲ್ಲಿ, ಬೇರೆ ಬೇರೆ ಮಾತಿನ ಹನ್ನೊಂದು ಜನರನ್ನು ಒಂದು ತಂಡವನ್ನಾಗಿ ಕಟ್ಟಿದವರು ಒಬ್ಬ ಶಾಲಾ ಮಾಸ್ತರರು.

1962ರ ಜಕಾರ್ತಾ ಏಶಿಯನ್ ಕ್ರೀಡೆಗಳು ಅವರ ಕೊನೆಯ ದೊಡ್ಡ ಕೆಲಸ. ಇಸ್ರೇಲ, ತೈವಾನಗಳನ್ನು ಹೊರಗಿಟ್ಟದ್ದನ್ನು ಭಾರತದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನರು ನಮ್ಮವರ ಮೇಲೆ ಕೆರಳಿದ್ದರು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯವು 2–0ರಿಂದ ಸೋಲಿಸಿತು. ತರುವಾಯ ಥಾಯ್‌ಲಂಡ, ಜಪಾನ, ದಕ್ಷಿಣ ವಿಯೆಟ್ನಾಮಗಳನ್ನು ಗೆದ್ದು ಭಾರತವು ಅಂತಿಮ ಪಂದ್ಯಕ್ಕೆ ಬಂದಿತು. ಎದುರಿಗೆ ಮತ್ತೆ ಕೊರಿಯವೇ. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರ ತಲೆಗೆ ಗಾಯವಾಗಿ ಹೊಲಿಗೆ ಬಿದ್ದಿತ್ತು. ರಹೀಮರು ಅವರನ್ನು ಕೂಡ್ರಿಸದೆ ಮುಂದಾಳಾಗಿ ಆಡಿಸಿದರು. ಸೆಪ್ಟೆಂಬರ 4ರಂದು ಪಿ. ಕೆ. ಬ್ಯಾನರ್ಜಿಯವರೂ ಅದೇ ಜರ್ನೈಲರೂ ಒಂದೊಂದು ಗೋಲು ಹಾಕಿ 2–1ರಿಂದ ಸುವರ್ಣವನ್ನು ತಂದರು. ರಹೀಮರಿಗೆ ಆಗಲೇ ಕ್ಯಾನ್ಸರ್ ರೋಗವು ತಗಲಿತ್ತು. 1963ರ ಜೂನ 11ರಂದು ಅವರು ತೀರಿಕೊಂಡರು. ಅಲ್ಲಿಂದ ಇಂದಿನವರೆಗೆ ಏಶಿಯನ್ ಕ್ರೀಡೆಗಳ ಕಾಲ್ಚೆಂಡಿನ ಸುವರ್ಣವು ಭಾರತದ ಪಾಲಿಗೆ ಬಂದಿಲ್ಲ.

ಇದರಲ್ಲಿ ನಮಗಿರುವ ಪಾಠವೇನು? ಪಂದ್ಯದ ಹೊತ್ತಿಗೆ ತರಬೇತುದಾರರನ್ನು ತರುವದು ಸುಲಭ. ರಹೀಮರು ಭಾರತ ತಂಡವನ್ನು ಕಟ್ಟುವ ಮುನ್ನ ಶಾಲೆಯ ಮಕ್ಕಳ ನಡುವೆ ವರುಷಗಟ್ಟಲೆ ನಿಂತಿದ್ದರು. ಸ್ಟ್ಯಾಗನಿಗೆ ಅಧ್ಯಾಪಕನ ಕುರ್ಚಿ ಇತ್ತು. ಇಬ್ಬರೂ ಮೊದಲು ಗುರುಗಳು. ಗೆಲವು ಆ ಮೇಲೆ ಬಂದದ್ದು. ಇಂದು ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕರಿಗೆ ಪ್ರಾಧ್ಯಾಪಕರ ಸಾಲಿನ ವೇತನವುಂಟು. ಒಬ್ಬರೇ ಕಾಲ್ಚೆಂಡು, ಕಬಡ್ಡಿ, ಖೋ-ಖೋ, ಓಟ ಎಲ್ಲವನ್ನೂ ನೋಡಬೇಕಾಗುವದು. ಅವರ ‘ಬಳಗ’ವೆಂದರೆ ತಂಡದ ನಾಯಕನೂ ಹಳೆಯ ವಿದ್ಯಾರ್ಥಿಗಳೂ. ಪ್ರಾಥಮಿಕ ಶಾಲೆಗೆ ಬಂದರೆ ಆ ಒಬ್ಬರೂ ಇಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ವೇಳಾಪತ್ರಿಕೆಯ ಮೇಲೆ ಆಟದ ತಾಸು ಇತ್ತು. ಪರೀಕ್ಷೆಯು ಹತ್ತಿರ ಬಂದಿತೆಂದರೆ ಅದನ್ನು ಗಣಿತಕ್ಕೆ ಕೊಡುತ್ತಿದ್ದೆವು. ಕೊಟ್ಟವರಲ್ಲಿ ನಾನೂ ಒಬ್ಬನು. ಆ ವರುಷ ಗಣಿತದ ಅಂಕಗಳೇನೂ ಏರಲಿಲ್ಲ. ಶಾಲೆಗೆ ಆಟಕ್ಕಾಗಿಯೇ ಬರುತ್ತಿದ್ದ ಒಬ್ಬ ಹುಡುಗನು ಬರುವದನ್ನು ಬಿಟ್ಟನು. ಅವನನ್ನು ಮರಳಿ ಕರೆತರಲು ನನಗೆ ಆಗಲಿಲ್ಲ.

ಆದುದರಿಂದ ಸಹೋದ್ಯೋಗಿ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟು. ದೊಡ್ಡ ಬಳಗ ನಮಗೆ ಬೇಡ, ದೊರೆಯುವದೂ ಇಲ್ಲ. ಆಟದ ತಾಸನ್ನು ಆಟಕ್ಕೇ ಬಿಡೋಣ. ಆ ತಾಸಿನಲ್ಲಿ ಕುರ್ಚಿಯಲ್ಲಿ ಕೂಡ್ರದೆ ಮೈದಾನದಲ್ಲಿ ನಿಲ್ಲೋಣ. ಯಾವ ಹುಡುಗಿ ಚೆಂಡಿಗೆ ಅಂಜುವಳು, ಯಾವ ಹುಡುಗನು ಜೊತೆಗಾರನಿಗೆ ಚೆಂಡು ಕೊಡನು ಎಂಬುದನ್ನು ನೋಡೋಣ. ಎಡಗಾಲಿನ ಪಂದ್ಯವನ್ನು ಒಂದು ಸಂಜೆ ಆಡಿಸಿ ನೋಡಿರಿ. ಅದಕ್ಕೆ ಒಂದು ಚೆಂಡು, ಒಂದು ಸೀಟಿ ಸಾಕು.

ಚಿತ್ರವನ್ನು ತಂದ ಆ ಹುಡುಗನಿಗೆ ಈಗ ಉತ್ತರ ಹೇಳಬಲ್ಲೆ: “ಬೇಕಪ್ಪ, ಚೆಂಡಾಟಕ್ಕೂ ಮಾಸ್ತರ ಬೇಕು. ಇಷ್ಟು ಮಂದಿ ಬೇಕಿಲ್ಲ. ಇದ್ದ ಇಬ್ಬರಲ್ಲಿ ಒಬ್ಬನು ನಿಮ್ಮ ಜೊತೆ ಹೊರಗೆ ಬಂದರೆ ಆಯಿತು.” ಹೇಳಿದ ಮೇಲೆ ನಡೆಯಬೇಕಲ್ಲ, ಈಗ ಸಂಜೆ ನಾಲ್ಕರ ಮೇಲೆ ನಾನು ಮೈದಾನದಲ್ಲಿರುತ್ತೇನೆ.